ಮಡಿಕೆಯೊಳಗಿನ ಕೆಂಪು

ನಮ್ಮ ಇಳಕಲ್ಲಿನಲ್ಲಿ ಎಲ್ಲಿ ನೋಡಿದರೂ ಸೀರೆ ಮಗ್ಗ. ನಮ್ಮ ಮನೆಯದು ಮಾತ್ರ ಜಮಖಾನೆ ಮಗ್ಗ. ಉಡುವುದನ್ನು ನೇಯುವವರು, ಹಾಸಿ ಕೂಡುವುದನ್ನು ನೇಯುವವರನ್ನು ಸ್ವಲ್ಪ ಕೆಳಗೇ ಕಾಣುತ್ತಾರೆ. ಕಾಣಲಿ. ಪಡಸಾಲೆಯ ನೆಲದಲ್ಲಿ ಎರಡು ಕಂಬ ಹೂತು, ಮೇಲೊಂದು ಕೆಳಗೊಂದು ತೊಲೆ ಕಟ್ಟಿದ ಮಗ್ಗ ಅದು. ಅಗಲ ಜಮಖಾನೆಗೆ ಇಬ್ಬರು ಒತ್ತಿಕೊಂಡು ಕೂಡಬೇಕು. ಎಡಕ್ಕೆ ನಾನು, ಬಲಕ್ಕೆ ನನ್ನ ನೆಗೆಣ್ಣಿ, ಮೈದುನನ ಹೆಂಡತಿ. ಗಂಡಂದಿರು ಇದ್ದಾಗಲೂ ಹಾಗೇ ಕೂತೆವು, ಅವರು ಹೋದ ಮೇಲೂ ಹಾಗೇ ಕೂತೆವು. ನನಗೆ ಮಕ್ಕಳಿಲ್ಲ. ಅವಳಿಗೆ ಒಬ್ಬ ಮಗ, ಅವನಿಗೂ ತಲೆ ಬೆಳ್ಳಗಾಗಿದೆ.

ಅವನು ಹೋದ ವರ್ಷ ಹೇಳಿಯೇಬಿಟ್ಟ. "ದೊಡ್ಡವ್ವಾ, ಈ ಮಗ್ಗ ಜಾಗಾ ತಿಂತೈತಿ, ಊಟಾ ಕೊಡಂಗಿಲ್ಲ. ಇಲ್ಲಿ ಪವರ್‌ಲೂಮ್ ಹಾಕ್ತೇನಿ."

"ನಾವಿಬ್ಬರೂ ಸತ್ತ ಮ್ಯಾಲೆ ಹಾಕ್ಕೋ."

"ನೀವು ಲಗೂ ಸಾಯೂ ಹಂಗ ಕಾಣೂದಿಲ್ಲ."

ನೆಗೆಣ್ಣಿ ನಕ್ಕಳು. ನನಗೂ ನಗು ಬಂತು. ಕೊನೆಗೆ ಅವನು ಒಂದು ಮಾತಿಗೆ ಒಪ್ಪಿದ: ಮುಂದೆ ಕೆಲಸ ಬಂದರೆ ಮಗ್ಗ ಇರಲಿ, ಬರದಿದ್ದರೆ ಕೀಳುತ್ತೇನೆ.

ಕೆಲಸ ಬಂತು. ಬಾಗಲಕೋಟೆಯ ನವನಗರದಿಂದ ಒಬ್ಬ ಹುಡುಗಿ ಹುಡುಕಿಕೊಂಡು ಬಂದಳು. ಹೊಸ ಮನೆ ಕಟ್ಟಿಸಿದವರಿಗೆ ಒಳಗೆ ಏನೇನು ಎಲ್ಲೆಲ್ಲಿ ಇರಬೇಕೆಂದು ನೋಡಿ ಸಿಂಗಾರ ಮಾಡಿಕೊಡುವುದು ಅವಳ ಉದ್ಯೋಗ. ನಮ್ಮ ಜೋಳದ ಚೀಲಗಳ ಕೆಳಗೆ ಹಾಸಿದ್ದ ಹಳೆಯ ಜಮಖಾನೆ ಅವಳ ಕಣ್ಣಿಗೆ ಬಿತ್ತು. ನನ್ನ ಅತ್ತೆ ನೇಯ್ದದ್ದು. ಚೀಲ ಸರಿಸಿ, ಮಂಡಿಯೂರಿ ಕೂತು ಅದನ್ನು ಸವರಿದಳು.

"ಆಯಿ, ಇದು ನನಗ ಬೇಕು. ಒಂದು ಮನಿ ಗ್ವಾಡಿಗೆ ಹಾಕ್ತೇನಿ."

"ಗ್ವಾಡಿಗ್ಯಾಕ?" ಎಂದಳು ನೆಗೆಣ್ಣಿ. "ಗ್ವಾಡಿಗೇನು ಕುಂಡಿ ಐತೇನು ಕುಂದ್ರಾಕ?"

ಹುಡುಗಿ ಬಿದ್ದು ಬಿದ್ದು ನಕ್ಕಳು. ಕೆಟ್ಟವಳಲ್ಲ. ಅದೇ ಮನೆಯ ನೆಲಕ್ಕೆ ಇಂಥವೇ ನಾಲ್ಕು ಬೇಕು, ಮೊದಲು ಒಂದು ನೇಯಿರಿ, ಸರಿ ಬಂದರೆ ಉಳಿದ ಮೂರೂ ನಿಮಗೇ ಎಂದಳು. ಮೂರು ಬಂದರೆ ಮಗ್ಗ ಇನ್ನೂ ಒಂದು ವರ್ಷ ನಿಲ್ಲುತ್ತಿತ್ತು. ಹಳೆಯದಕ್ಕೆ ದುಡ್ಡು ಕೊಟ್ಟಳು, ಆದರೆ ನೋಡಿ ನೇಯಲು ಅದನ್ನು ನಮ್ಮ ಹತ್ತಿರವೇ ಬಿಟ್ಟು ಹೋದಳು.

ತಪ್ಪಾದದ್ದು ಇಲ್ಲಿ. ಹಳೆಯದರ ಬಣ್ಣ ತಿಳಿಯಬೇಕೆಂದರೆ ಅದರ ಮೈ ನೋಡಬಾರದು, ಮಡಿಚಿ ಹೊಲಿದ ಅಂಚು ಬಿಚ್ಚಿ ನೋಡಬೇಕು ಎಂದು ಅತ್ತೆ ಕಲಿಸಿದ್ದಳು. ಬಿಸಿಲು, ಕಾಲು, ಸಾಬೂನು ಮುಟ್ಟದ ಬಣ್ಣ ಆ ಮಡಿಕೆಯಲ್ಲಿ ಉಳಿದಿರುತ್ತದೆ. ನಾವು ಒಂದು ಕಡೆಯ ಹೊಲಿಗೆ ಬಿಚ್ಚಿದೆವು. ಒಳಗೆ ಒಣಮೆಣಸಿನಕಾಯಿಯಂಥ ಕೆಂಪು, ಅರಿಶಿನದಂಥ ಹಳದಿ. ಆ ಎಳೆ ಹಿಡಿದುಕೊಂಡೇ ಬಣ್ಣಗಾರನ ಹತ್ತಿರ ಹೋದೆ.

"ಪಕ್ಕಾ ಬಣ್ಣ ಹಾಕಿ ಕೊಡ್ತೇನಿ," ಎಂದ ಅವನು. "ನೂಲು ಹೋದೀತು, ಬಣ್ಣ ಹೋಗಂಗಿಲ್ಲ."

ಅದನ್ನು ಕೇಳಿ ಖುಷಿಪಟ್ಟವಳು ನಾನೇ.

ಮೂರು ತಿಂಗಳು ನೇಯ್ದೆವು. ಹಳೆಯದು, ಹೊಸದು ಎರಡನ್ನೂ ಸುರುಳಿ ಸುತ್ತಿ, ಹುನಗುಂದದ ಮೇಲೆ ಹೋಗುವ ಬಸ್ಸಿನಲ್ಲಿ ಇಬ್ಬರೂ ತೊಡೆಯ ಮೇಲೆ ಇಟ್ಟುಕೊಂಡು ನವನಗರಕ್ಕೆ ಹೋದೆವು. ಆ ಮನೆಯಲ್ಲಿ ಗೋಡೆ ಬೂದಿ ಬಣ್ಣ, ಸೋಫಾ ಬೂದಿ ಬಣ್ಣ, ಪರದೆಯೂ ಬೂದಿ ಬಣ್ಣ. ನಮ್ಮದನ್ನು ಹಾಸಿದೆವು. ಹುಡುಗಿ ಒಮ್ಮೆ ಅದನ್ನು ನೋಡಿದಳು, ಒಮ್ಮೆ ಸೋಫಾ ನೋಡಿದಳು.

"ಆಯಿ, ಇದು ಹೊಸಾದು."

"ಈಗ ನೇಯ್ದದ್ದು ಹೊಸಾದಲ್ಲದ ಹಳೇದು ಹ್ಯಾಂಗ ಆಗ್ತೈತಿ?" ಎಂದೆ.

"ಬಣ್ಣ ಹಾರಿದಂಗ ಬೇಕಾಗಿತ್ತು. ಈ ಮನಿಗೆ ಇಷ್ಟು ಕೆಂಪು ನಡಿಯಂಗಿಲ್ಲ. ಒಂದು ತಿಂಗಳು ತಗೋರಿ, ಹಾರಿಸಿ ತರ್ರಿ. ಆಮ್ಯಾಲೆ ನೋಡೂಣು."

ಹಳೆಯದನ್ನು ಅಲ್ಲಿ ಬಿಟ್ಟು, ಹೊಸದನ್ನು ಹೊತ್ತುಕೊಂಡು ಬಂದೆವು. ಮಾಳಿಗೆಯ ಮೇಲೆ ಬಿಸಿಲಿಗೆ ಹಾಕಿದೆವು. ಹದಿನೈದು ದಿನಕ್ಕೆ ನಮ್ಮ ಮುಖ ಕರ್ರಗಾಯಿತು, ಜಮಖಾನೆ ಹಾಗೇ ಇತ್ತು. ಸೋಡಾ ಹಾಕಿ ಕುದಿಸಿದೆವು, ಇಟ್ಟಂಗಿಯಿಂದ ತಿಕ್ಕಿದೆವು.

"ಚಲೋ ಕೆಲಸಾ ಮಾಡಿ ಕೆಟ್ಟಿವಿ ನೋಡಕ್ಕಾ," ಎಂದಳು ನೆಗೆಣ್ಣಿ.

ಉಳಿದದ್ದು ಬ್ಲೀಚಿಂಗ್ ಪುಡಿ. ದೊಡ್ಡ ಬಾನಿಯಲ್ಲಿ ಕಲಸಿ ಎರಡು ದಿನ ನೆನೆಹಾಕಿದೆವು. ಬಣ್ಣ ಹಾರಿತು. ಅತ್ತೆಯದಕ್ಕೂ ಇದಕ್ಕೂ ಕೂದಲೆಳೆ ವ್ಯತ್ಯಾಸವಿರಲಿಲ್ಲ. ಇಬ್ಬರೂ ಒಂದೊಂದು ತುದಿ ಹಿಡಿದು ನೀರಿನಿಂದ ಎತ್ತಿದೆವು. ತನ್ನ ಭಾರಕ್ಕೆ ತಾನೇ ನಡುವೆ ಹರಿದು ಎರಡಾಯಿತು. ತುದಿ ಕೈಯಲ್ಲಿ ಹಿಡಿದು ನಾನು ಈ ಕಡೆ, ಅವಳು ಆ ಕಡೆ ನಿಂತೆವು.

ಫೋನ್ ಮಾಡಿಸಿದಾಗ ಹುಡುಗಿ, "ಇರ್ಲಿ ಬಿಡ್ರಿ ಆಯಿ, ಮಷೀನಿನವು ತರಿಸೇನಿ," ಎಂದಳು. ಮಷೀನಿನಿಂದ ಇಳಿಯುವಾಗಲೇ ಹಳೆಯದರಂತೆ ಇರುತ್ತವಂತೆ ಅವು.

ನೆಗೆಣ್ಣಿಯ ಮಗ ತೊಲೆ ಇಳಿಸಿದ, ಕಂಬ ಕಿತ್ತ, ಕುಣಿಗೆ ಸಿಮೆಂಟು ಹಾಕಿದ. ಅಲ್ಲಿ ಈಗ ಪವರ್‌ಲೂಮ್ ಇದೆ. ನೆಗೆಣ್ಣಿ ಅವನಿಗೆ ಬಾಬಿನ್‌ಗೆ ನೂಲು ಸುತ್ತಿಕೊಡುತ್ತಾಳೆ.

ಆಮೇಲೆ ಒಮ್ಮೆ ಹುಡುಗಿಯೇ ಕರೆಸಿದಳು. ಗೋಡೆಯ ಮೇಲಿನ ಜಮಖಾನೆಯ ಅಂಚು ಬಿಚ್ಚಿಕೊಂಡಿದೆ, ಹೊಲಿದು ಕೊಡಿ ಎಂದು. ಬಿಚ್ಚಿದವರು ನಾವೇ ಅಲ್ಲವೇ. ಹರಿದ ನಮ್ಮ ಜಮಖಾನೆಯಿಂದ ಒಂದಿಷ್ಟು ಎಳೆ ಕಿತ್ತುಕೊಂಡು ಒಬ್ಬಳೇ ಹೋದೆ. ಮಡಿಕೆಯಲ್ಲಿ ಆ ಕೆಂಪು ಹಾಗೇ ಇತ್ತು. ಅದನ್ನು ಒಳಗೆ ಹಾಕಿ ಹೊಲಿದೆ. ಹೊಲಿಗೆ ಎಲ್ಲಿದೆ ಎಂದು ನನಗೇ ಕಾಣಲಿಲ್ಲ.

"ಆಯಿ, ಈ ಬಣ್ಣದ ನೂಲು ಎಲ್ಲಿ ಸಿಕ್ತು? ನನಗ ಬೇಕಾಗಿದ್ದು ಇದ ನೋಡ್ರಿ!"

"ಇದು ಸತ್ತ ನೂಲು. ಜಗ್ಗಿದ್ರ ಹರೀತೈತಿ."

"ಗ್ವಾಡಿ ಮ್ಯಾಲಿಂದು ಯಾರು ಜಗ್ತಾರ? ಇದರಾಗ ನೇಯ್ದು ಕೊಡ್ರಿ ಮತ್ತ."

"ಮಗ್ಗ ಇಲ್ಲ," ಎಂದೆ.

ಮನೆಗೆ ಬಂದಾಗ ಪವರ್‌ಲೂಮ್ ಓಡುತ್ತಿತ್ತು. ನೆಗೆಣ್ಣಿ ಬಾಬಿನ್ ಸುತ್ತುತ್ತಲೇ ನನ್ನ ಕಡೆ ತಿರುಗಿ ಏನೋ ಕೇಳಿದಳು. ಆ ಸದ್ದಿನಲ್ಲಿ ಒಂದು ಮಾತೂ ಕೇಳಿಸಲಿಲ್ಲ. ಕೈ ಆಡಿಸಿ ಇಲ್ಲ ಎಂದೆ. ಏನು ಕೇಳಿದ್ದರೂ ಅದೇ ಉತ್ತರ.