ಬಾಗಿಲವರೆಗೆ ಬಂದು ಹಿಂದಿರುಗಿದ ನಾಯಕ

ಡಿಜಿಟಲ್ ಬಂದು ರೀಲುಗಳು ಮೂಲೆ ಸೇರುವುದಕ್ಕೆ ಸ್ವಲ್ಪ ಮುಂಚಿನ ಮಾತು. ಎಸ್ಸೆಸ್ಸೆಲ್ಸಿ ಮುಗಿಸಿ ಸೇರಿದ್ದ ನಾನು ಆಗ ಭದ್ರಾವತಿಯ ಒಂದು ಚಿತ್ರಮಂದಿರದಲ್ಲಿ ಹಿರಿಯ ಪ್ರೊಜೆಕ್ಟರ್ ಆಪರೇಟರ್. ಒಂದು ವಾರಕ್ಕೆ ಹಳೆಯ ಕಪ್ಪುಬಿಳುಪು ಚಿತ್ರ ಹಾಕಿದ್ದೆವು. ನಾಯಕ ಬಹಳ ಒಳ್ಳೆಯವನು. ಜಗಳವಾಡಿ ದೂರವಾದ ತಮ್ಮನ ಮನೆಗೆ ತಾನೇ ಹೋಗುತ್ತಾನೆ. ಚಿಲಕದ ಮೇಲೆ ಕೈ ಇಡುತ್ತಾನೆ, ಒಳಗೆ ನಗು ಕೇಳಿಸುತ್ತದೆ, ಮುಖ ಗಂಟಿಕ್ಕಿ ಹಿಂದಿರುಗುತ್ತಾನೆ. ಕೆರೆಯವರೆಗೆ ನಡೆದು, ಮತ್ತೆ ಬಂದು ಕದ ತಟ್ಟುತ್ತಾನೆ.

ಅವನು ಹಿಂದಿರುಗುವಾಗ ಮುಂದಿನ ಬೆಂಚಿನವರು "ಹೋಗೋ ಪುಕ್ಕಲ!" ಎಂದು ಕೂಗಿದರು. ನನಗೆ ಸಹಿಸಲಾಗಲಿಲ್ಲ. ಒಳ್ಳೆಯವನು ಹಿಂಜರಿಯಬಾರದು ಎಂದು ನಂಬಿದ್ದವನು ನಾನು. ಸೋಮವಾರ ಆ ಎರಡು ನಿಮಿಷ ಕತ್ತರಿಸಿ, ತುದಿಗಳನ್ನು ಅಂಟಿಸಿಬಿಟ್ಟೆ. ನಾಯಕ ಈಗ ನೇರವಾಗಿ ಬಂದು ತಮ್ಮನನ್ನು ತಬ್ಬಿಕೊಳ್ಳುತ್ತಿದ್ದ.

ಬುಧವಾರ ಮ್ಯಾಟಿನಿ ಮುಗಿದ ಮೇಲೆ, ಎದುರಿನ ವೆಲ್ಡಿಂಗ್ ಅಂಗಡಿಯ ರಹಮತ್ ಕ್ಯಾಬಿನ್‌ಗೆ ಹತ್ತಿ ಬಂದ.

"ಸಾರ್, ಕದ ತಟ್ಟದೆ ವಾಪಸ್ ಹೋಗ್ತಾನಲ್ಲ, ಆ ಸೀನ್ ಎಲ್ಲಿ?"

"ತೆಗೆದೆ ಮಾರಾಯ. ಹೀರೋಗೆ ಅವಮಾನ ಅಲ್ವಾ?"

ಅವನು ಮೆಟ್ಟಿಲ ಮೇಲೆ ಕುಸಿದು ಕೂತ. ತಂದೆ ತೀರಿಕೊಂಡಂದಿನಿಂದ ಅವನಿಗೂ ಶಿವಮೊಗ್ಗದಲ್ಲಿದ್ದ ಅಣ್ಣನಿಗೂ ಮಾತಿರಲಿಲ್ಲ. "ಮೂರು ಸಲ ಅವರ ಗಲ್ಲಿವರೆಗೂ ಹೋಗಿ ವಾಪಸ್ ಬಂದಿದ್ದೀನಿ ಸಾರ್. ಭಾನುವಾರ ಆ ಸೀನ್ ನೋಡಿದ್ಮೇಲೇ ಧೈರ್ಯ ಬಂದು ಭಾಯ್‌ನ ಪಿಚ್ಚರ್ ನೋಡೋಕೆ ಕರೆಸಿದ್ದು. ಇವತ್ತು ನೋಡಿದ್ರೆ ಅದೇ ಇಲ್ಲ! 'ಆ ಹೀರೋ ದೇವರು ಕಣೋ, ನಮ್ ಕೈಲಾಗಲ್ಲ' ಅಂದು ಭಾಯ್ ಬಸ್ ಹತ್ತಿಬಿಟ್ಟ."

ಚಿತ್ರಕ್ಕೆ ಉಳಿದಿದ್ದು ಇನ್ನೊಂದೇ ದಿನ. ತುಂಡನ್ನು ಮತ್ತೆ ಸೇರಿಸಿದೆ. ಮರುದಿನ ಬೆಳಿಗ್ಗೆ ಶಿವಮೊಗ್ಗಕ್ಕೆ ಹೋಗಿ, ರವೀಂದ್ರನಗರದಲ್ಲಿದ್ದ ಅವನ ಅಣ್ಣ ಸಲೀಮರ ಸೈಕಲ್ ಅಂಗಡಿ ಹುಡುಕಿದೆ. ಬಾಗಿಲವರೆಗೆ ಹೋದವನಿಗೆ, ಬೇರೆಯವರ ಮನೆ ಜಗಳದಲ್ಲಿ ನಾನ್ಯಾರು ಎನಿಸಿತು. ಬಸ್‌ಸ್ಟಾಪಿನವರೆಗೂ ವಾಪಸ್ ಹೋಗಿ, ಟೀ ಕುಡಿದು, ಮತ್ತೆ ಬಂದೆ.

"ನಿನ್ನೆ ನೀವು ನೋಡಿದ ಪಿಚ್ಚರಲ್ಲಿ ಎರಡು ನಿಮಿಷ ಕಮ್ಮಿ ಇತ್ತು. ಕತ್ತರಿಸಿದೋನು ನಾನೇ."

"ಆ ಎರಡು ನಿಮಿಷದಲ್ಲಿ ಏನ್ ಮಾಡ್ತಾನೆ ಅವನು?" ಸಲೀಮರು ಟ್ಯೂಬಿನಿಂದ ಕಣ್ಣೆತ್ತಲಿಲ್ಲ.

"ಬಾಗಿಲವರೆಗೂ ಬಂದು, ಆಗದೆ ವಾಪಸ್ ಹೋಗ್ತಾನೆ. ಆಮೇಲೆ ಬರ್ತಾನೆ. ನಿಮ್ಮ ತಮ್ಮನೂ ಇದೇ ಗಲ್ಲಿಗೆ ಮೂರು ಸಲ ಬಂದು ಹೋಗಿದ್ದಾನೆ."

ಅವರ ಕೈ ನಿಂತಿತು. "ಈಗ ನೀವೂ ಹಂಗೇ ಮಾಡಿದ್ರಲ್ಲ. ಸಾಲ ವಸೂಲಿಯವರೇನೋ ಅಂದ್ಕೊಂಡೆ," ಎಂದರು. ಬರುತ್ತೇನೆ ಎನ್ನಲಿಲ್ಲ.

ಮ್ಯಾಟಿನಿಯಲ್ಲಿ ರಹಮತ್ ಅಣ್ಣನಿಗೆಂದು ಪಕ್ಕದ ಸೀಟಿಗೆ ಟವೆಲ್ ಹಾಸಿ ಕೂತಿದ್ದು ಪ್ರೊಜೆಕ್ಟರಿನ ಕಿಂಡಿಯಿಂದ ಕಂಡಿತು. ರೀಲು ಬದಲಿಸುವ ಗಡಿಬಿಡಿಯಲ್ಲಿ ಸ್ವಲ್ಪ ಹೊತ್ತು ಅತ್ತ ನೋಡಲಾಗಲಿಲ್ಲ.

ಒಳ್ಳೆಯತನ ಸುಲಭವಾಗಿ ಬಂದಂತೆ ತೋರಿಸಿದರೆ ಜನ ಕೈಮುಗಿದು ಎದ್ದು ಹೋಗುತ್ತಾರೆ, ತಮ್ಮದೆಂದು ಮನೆಗೆ ಒಯ್ಯುವುದಿಲ್ಲ. ಈ ಕೆಲಸ ನನಗೆ ಕಲಿಸಿದ್ದು ಅಷ್ಟೇ, ಅದೂ ತಡವಾಗಿ.

ಅಂದು ನಾಯಕ ಚಿಲಕದಿಂದ ಕೈ ತೆಗೆದ. ಮುಂದಿನ ಬೆಂಚು ಮತ್ತೆ "ಪುಕ್ಕಲ!" ಎಂದಿತು. ರಹಮತ್ ಕೂತ ಸಾಲಿನಿಂದ ಗಡಸು ದನಿಯೊಂದು ಗದರಿತು:

"ಸುಮ್ನಿರ್ರೋ! ಬರ್ತಾನೆ ಅವನು."

ಕಿಂಡಿಗೆ ಕಣ್ಣಿಟ್ಟೆ. ಟವೆಲ್ ರಹಮತ್‌ನ ಹೆಗಲ ಮೇಲಿತ್ತು.