ರಾಜೀನಾಮೆಗೆ ಸಹಿ ಹಾಕಿದ ದಿನ

ಏಕಸಂಬಿ ಪಕ್ಕದ ನಮ್ಮೂರಿನ ಹಾಲಿನ ಸೊಸಾಯಟಿಗೆ ನಾನು ಹದಿನಾಲ್ಕು ವರ್ಷ ಚೇರ್ಮನ್ ಆಗಿದ್ದೆ. ನಾನಿಲ್ಲದಿದ್ದರೆ ಡೇರಿಯ ಬಾಗಿಲೇ ತೆರೆಯುವುದಿಲ್ಲ ಎಂದು ನಂಬಿದ್ದೆ.

ಅಷ್ಟೂ ವರ್ಷ ಪಕ್ಕದ ಹೊಲದವನ ಜೊತೆ ನನಗೆ ಮಾತಿರಲಿಲ್ಲ. ಅವನ ಕಬ್ಬಿನ ಟ್ರ್ಯಾಕ್ಟರ್ ನನ್ನ ಹೊಲದ ಅಂಚಿನಲ್ಲಿ ಹಾಯಬೇಕಿತ್ತು, ನಾನು ಬಿಟ್ಟಿರಲಿಲ್ಲ. ಕಳೆದ ವರ್ಷ, ನಿಪ್ಪಾಣಿಯಲ್ಲಿ ಉರ್ದು ಕಲಿಸಿ ನಿವೃತ್ತರಾದ ನಮ್ಮೂರ ಮಾಸ್ತರರು ಇಬ್ಬರನ್ನೂ ಕರೆಸಿ, ಚಹಾ ಕುಡಿಸಿ, ದಾರಿ ಬಿಡಲು ನನ್ನನ್ನು ಒಪ್ಪಿಸಿದರು. ಕನ್ನಡದಲ್ಲಿ ಕಾಗದವನ್ನೂ ಅವರೇ ಬರೆದರು. ಕನ್ನಡಕ ಮನೆಯಲ್ಲಿ ಬಿಟ್ಟು ಹೋಗಿದ್ದ ನಾನು ಅವರು ತೋರಿಸಿದಲ್ಲಿ ಸಹಿ ಮಾಡಿದೆ.

ಬರುವ ದಾರಿಯಲ್ಲಿ ನಕಲು ತೆಗೆಸಲು ಕೊಟ್ಟಾಗ ಝೆರಾಕ್ಸ್ ಅಂಗಡಿಯವನು ಮೇಲೆ ದಪ್ಪಕ್ಷರದಲ್ಲಿದ್ದ ‘ರಾಜೀನಾಮೆ’ ಓದಿದ, ಕೆಳಗಿನ ನನ್ನ ಸಹಿ ನೋಡಿದ. ನಡುವಿನದು ಅವನಿಗೆ ಬೇಕಾಗಲಿಲ್ಲ.

ನಾನು ಮನೆ ಮುಟ್ಟುವಷ್ಟರಲ್ಲಿ ಸುದ್ದಿ ಊರೆಲ್ಲ ಹಬ್ಬಿ, ಅಂಗಳದಲ್ಲಿ ಐದಾರು ಜನ. ಡೇರಿಯ ಕಾರ್ಯದರ್ಶಿ ಕೈಯಲ್ಲಿ ಪೇಢೆ ಡಬ್ಬಿ.

“ಚಲೋ ಕೆಲಸಾ ಮಾಡಿದ್ರಿ. ಖುರ್ಚಿ ಬಿಡಾಕ ದೊಡ್ಡ ಮನಸ ಬೇಕ್ರಿ” ಎಂದ.

“ಯಾರ ಬಿಟ್ಟಾರೋ?”

“ನೀವ ರಾಜೀನಾಮೆ ಕೊಟ್ಟೀರಲ್ರಿ. ಊರ ಮಂದಿಗೆಲ್ಲಾ ಖುಷಿ ಆಗೇತಿ” ಎಂದು ನಾಲಿಗೆ ಕಚ್ಚಿಕೊಂಡ.

ಅಷ್ಟರಲ್ಲಿ ನಿಪ್ಪಾಣಿಯಿಂದ ಹೆಂಡತಿಯ ತಮ್ಮನ ಫೋನು. “ರಾಜೀನಾಮಾ ದಿಲಾ? ಬರಂ ಝಾಲಂ!” ಒಳ್ಳೆಯದೇ ಆಯಿತೆಂದು ಅವನೂ ಮರಾಠಿಯಲ್ಲಿ ಸಂತೋಷಪಟ್ಟ.

ಕನ್ನಡಕ ಹಾಕಿ ಕಾಗದದ ತಲೆಬರಹ ಓದಿದವನೇ ಮಾಸ್ತರರ ಮನೆಗೆ ಓಡಿದೆ. ಅವರಿಗೆ ತಪ್ಪೇ ಕಾಣಲಿಲ್ಲ.

“ರಾಜಿ ಅಂದ್ರ ಒಪ್ಪಿಗಿ, ಅರಬ್ಬಿ ಮಾತು. ನಾಮಾ ಅಂದ್ರ ಕಾಗದ, ಪಾರ್ಸಿದು. ಜಗಳಾ ಮುಗದದ್ದಕ್ಕ ಉರ್ದುದಾಗ ರಾಜೀನಾಮಾ ಅನ್ನದ ಮತ್ತೇನಂತಾರ್ರಿ?”

“ನಮ್ಮಲ್ಲಿ ಅದು ಬಿಟ್ಟು ಹೋಗೂ ಚೀಟಿರಿ.”

“ಅದೂ ಖರೇನ. ಹಿಂದ ಮುಂಬೈ ಸರಕಾರ ಇದ್ದಾಗ, ಹೊಲಾ ಬಿಡಾವ್ರು ‘ರಾಜಿಖುಷಿಲೇ ಬಿಟ್ಟೀನಿ’ ಅಂತ ಬರದ ಕೊಡ್ತಿದ್ರು. ಬರ್ತಾ ಬರ್ತಾ ಖುಷಿ ಹೋತು, ಬಿಡೂದಷ್ಟ ಉಳೀತು. ಕನ್ನಡದಾಗೂ, ಮರಾಠಿಯಾಗೂ.”

ಮನೆಗೆ ಮರಳಿ ನಿಜ ಹೇಳಿದೆ. ಅಂಗಳದ ಮುಖಗಳೆಲ್ಲ ಬಾಡಿದವು. ಕಾರ್ಯದರ್ಶಿ ಪೇಢೆ ಡಬ್ಬಿ ಮುಚ್ಚಿ ಬಗಲಿಗಿಟ್ಟುಕೊಂಡು ಹೊರಟ. ಹದಿನಾಲ್ಕು ವರ್ಷ ಎದುರಿಗೆ ಕೈಮುಗಿದವರು ಇವರೇ.

ಸಂಜೆ ಪಕ್ಕದ ಹೊಲದವನು ಬಂದ. ನನ್ನ ಹೊಸಿಲು ತುಳಿದು ಎಷ್ಟೋ ವರ್ಷವಾಗಿತ್ತು.

“ಖುರ್ಚಿ ಬಿಟ್ರಿ ಅಂತ ಕೇಳಿದೆ. ನನ್ನ ಸಲುವಾಗಿ ಬಿಟ್ರೇನ್ರಿ? ಹಂಗಿದ್ರ ದಾರಿ ಬ್ಯಾಡ ನನಗ.”

ಇಡೀ ಊರಿನಲ್ಲಿ ಬೇಸರಪಟ್ಟವನು ಅವನೊಬ್ಬ. ಒಳಗೆ ಕೂಡಿಸಿ, ರೊಟ್ಟಿ ತಿನ್ನಿಸಿ ಕಳಿಸಿದೆ.

ಹದಿನೈದು ದಿನ ಯೋಚಿಸಿ, ನಾನೇ ಕೂತು ಇನ್ನೊಂದು ಕಾಗದ ಬರೆದೆ. ಈ ಸಲ ಕನ್ನಡದ ಅರ್ಥದಲ್ಲಿ. ಸಭೆ ಎರಡು ನಿಮಿಷದಲ್ಲಿ ಅದನ್ನು ಅಂಗೀಕರಿಸಿತು.

ಈಗ ಬೆಳಿಗ್ಗೆ ಕ್ಯಾನ್ ಹಿಡಿದು ಎಲ್ಲರಂತೆ ಸಾಲಿನಲ್ಲಿ ನಿಲ್ಲುತ್ತೇನೆ. ಎಮ್ಮೆ ಅದೇ, ಮೇವೂ ಅದೇ. ಕಾರ್ಯದರ್ಶಿ ಅಳೆದು ದರ ಹಾಕುವ ಹಾಲಿನ ಫ್ಯಾಟ್ ಮಾತ್ರ ಯಾಕೋ ಕಡಿಮೆಯಾಗಿದೆ.