ಬಾಗಿಲು ತಡೆದವಳು

ನಮ್ಮ ದೊಡ್ಡಮ್ಮ ಚಿಕ್ಕಲಕ್ಷ್ಮಮ್ಮನ ಕತೆ ಹೇಳಬೇಕಾದರೆ ಅವಳ ತಮ್ಮ ಮುನಿವೆಂಕಟಪ್ಪನನ್ನು ಬೈಯದೆ ಹೇಳುವುದಕ್ಕಾಗುವುದಿಲ್ಲ. ಅವನು ನನಗೆ ಸೋದರಮಾವ, ಆಮೇಲೆ ಗಂಡನ ಅಪ್ಪನೂ ಆದ. ಹಾಗಾಗಿ ಬೈಯುವ ಹಕ್ಕು ನನಗೆ ಎರಡು ಕಡೆಯಿಂದಲೂ ಇದೆ.

ದೊಡ್ಡಮ್ಮನ ಮನೆ ಇದ್ದದ್ದು ಕೇತಮಾರನಹಳ್ಳಿಯಲ್ಲಿ. ಸುತ್ತಲಿನ ರಾಗಿ ಹೊಲಗಳೆಲ್ಲ ಸೈಟುಗಳಾಗಿ ರಾಜಾಜಿನಗರವಾಗುತ್ತಿದ್ದ ಕಾಲ. ದೊಡ್ಡಪ್ಪ ಕೆಂಪಯ್ಯ ಬಟ್ಟೆ ಮಿಲ್ಲಿಗೆ ಹೋಗುತ್ತಿದ್ದ. ಮನೆಯಲ್ಲಿ ಏನು ನಡೆದರೂ ಬೀಡಿ ಹಚ್ಚಿಕೊಂಡು ಹೊರಗೆ ಹೋಗಿಬಿಡುವ ಮನುಷ್ಯ. ದೊಡ್ಡಮ್ಮ ಎಮ್ಮೆ ಕಟ್ಟಿಕೊಂಡು ಹೊಸ ಮನೆಗಳಿಗೆ ಹಾಲು ಹಾಕುತ್ತಿದ್ದಳು. ಇದ್ದವಳು ಒಬ್ಬಳೇ ಮಗಳು, ಸಂಜೀವಮ್ಮ.

ಸಂಜೀವಿ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ದಿನವಿಡೀ ಹುಣಸೆ ಬೀಜಗಳನ್ನು ಸಾಲಾಗಿ ಜೋಡಿಸುತ್ತಿದ್ದಳು. ಯಾರಾದರೂ ಒಂದು ಬೀಜ ಸರಿಸಿದರೆ ಕೇರಿಗೆಲ್ಲ ಕೇಳುವಂತೆ ಅರಚುತ್ತಿದ್ದಳು. ಮಿಲ್ಲಿನ ಸೈರನ್ ಕೂಗಿದರೆ ಕಿವಿ ಮುಚ್ಚಿಕೊಂಡು ಕೊಟ್ಟಿಗೆ ಸೇರುತ್ತಿದ್ದಳು. ಮೈ ಮುಟ್ಟಿದರೆ ಬೆಂಕಿ ತಾಗಿದ ಹಾಗೆ ಹಾರಿಬೀಳುತ್ತಿದ್ದಳು. ಊಟಕ್ಕೆ ಬಾ ಎಂದು ಕರೆದರೆ ಅವಳೂ ಊಟಕ್ಕೆ ಬಾ ಎನ್ನುತ್ತಿದ್ದಳು, ಬರುತ್ತಿರಲಿಲ್ಲ. ಇಂಥ ಮಕ್ಕಳ ಬಗ್ಗೆ ಆಗ ಯಾರಿಗೆ ಏನು ಗೊತ್ತಿತ್ತು? ಗಾಳಿ ಸೋಕಿದೆ ಎಂದರು, ಹುಚ್ಚು ಎಂದರು, ಹೆತ್ತವಳ ಪಾಪ ಎಂದರು. ದೊಡ್ಡಮ್ಮ ತಾಯಿತ ಕಟ್ಟಿಸಿದಳು, ಬೇವಿನ ಸೊಪ್ಪಿನಲ್ಲಿ ಹೊಡೆಸಿದಳು, ಕೊನೆಗೆ ಅದನ್ನೆಲ್ಲ ಬಿಟ್ಟಳು.

ಅವಳಿಗೆ ಇದ್ದ ಧೈರ್ಯ ಒಂದೇ. ಮುನಿವೆಂಕಟಪ್ಪ ಮದುವೆಯಾಗಿ ಹೆಂಡತಿಯನ್ನು ಮನೆಗೆ ಕರೆತಂದ ದಿನ ನಮ್ಮ ಕಡೆಯ ಶಾಸ್ತ್ರದಂತೆ ದೊಡ್ಡಮ್ಮ ಬಾಗಿಲಿಗೆ ಎರಡೂ ಕೈ ಅಡ್ಡ ಇಟ್ಟು, ನಿನಗೆ ಮಗ ಹುಟ್ಟಿದರೆ ನನಗೆ ಹುಟ್ಟುವ ಮಗಳನ್ನು ತಂದುಕೊಳ್ಳುತ್ತೀಯಾ ಎಂದು ಕೇಳಿದ್ದಳು. ತಂದುಕೊಳ್ತೀನಿ ಅಂದ ಮೇಲೆ ದಾರಿ ಬಿಟ್ಟಿದ್ದಳು. ಎಲ್ಲರಿಗೂ ಅದು ತಮಾಷೆ. ದೊಡ್ಡಮ್ಮನಿಗೆ ಮಾತ್ರ, ತಾನು ಕಣ್ಣು ಮುಚ್ಚಿದ ಮೇಲೆ ಮಗಳಿಗೆ ಒಂದು ನೆಲೆ ಇದೆ ಎಂಬ ನಂಬಿಕೆ.

ಹದಿಮೂರಕ್ಕೆ ಸಂಜೀವಿ ದೊಡ್ಡವಳಾದಳು. ಆಗ ಸೋದರಮಾವ ಹಸಿರು ಸೊಪ್ಪು ತಂದು ಅಂಗಳದಲ್ಲಿ ಗುಡ್ಲು, ಅಂದರೆ ಪುಟ್ಟ ಗುಡಿಸಲು, ಹಾಕಬೇಕು. ಹುಡುಗಿ ಅದರಲ್ಲಿ ಕೂತೆದ್ದು ಆರತಿ ಮಾಡಿಸಿಕೊಳ್ಳಬೇಕು. ಅದಾಗದಿದ್ದರೆ ನೆಂಟರ ಲೆಕ್ಕದಲ್ಲಿ ಅವಳು ಹೆಣ್ಣೇ ಅಲ್ಲ. ಮಾವನ ಊರು ಸುಂಕದಕಟ್ಟೆಗೆ ಹೇಳಿ ಕಳಿಸಿದರು. ಮಾವ ಬರಲಿಲ್ಲ. ಎತ್ತಿನ ಕಾಲು ಉಳುಕಿದೆ ಎಂದ, ಮಂಗಳವಾರ ಎಂದ, ಅಮಾವಾಸ್ಯೆ ಎಂದ. ಹುಡುಗಿ ಕೊಟ್ಟಿಗೆಯ ಮೂಲೆಯಲ್ಲೇ ಕೂತಿದ್ದಳು. ಗುಡ್ಲು ಹಾಕಿದರೆ ಕೊಟ್ಟ ಮಾತು ಒಪ್ಪಿಕೊಂಡಂತೆ ಎಂದು ಅವನ ಹೆದರಿಕೆ.

ಕೊನೆಗೆ ದೊಡ್ಡಮ್ಮ ನನ್ನ ಅಮ್ಮನನ್ನು ಕರೆದುಕೊಂಡು ಮಾಗಡಿ ರಸ್ತೆಯಲ್ಲಿ ನಡೆದೇ ಹೋದಳು. ಅಕ್ಕನಿಗೆ ನೀರು ಕೊಡುವ ಮೊದಲೇ ಮಾವ ದೇವರ ಮುಂದೆ ಕರ್ಪೂರ ಹಚ್ಚಿದನಂತೆ.

"ಬಾಗ್ಲಲ್ಲಿ ಇಸ್ಕೊಂಡ ಮಾತು ವಾಪಸ್ ಕೊಟ್ಬಿಡಕ್ಕ. ನಾಳೆನೇ ಗುಡ್ಲು ಹಾಕ್ತೀನಿ."

ದೊಡ್ಡಮ್ಮ ಉರಿಯುವ ಕರ್ಪೂರದ ಮೇಲೆ ಅಂಗೈ ಊರಿ ಆರಿಸಿ, ಆ ಮಾತು ಇನ್ನು ಕೇಳುವುದಿಲ್ಲ ಎಂದು ಆಣೆ ಮಾಡಿದಳಂತೆ.

ಮಾರನೆಯ ದಿನ ಗಾಡಿ ತುಂಬ ಅತ್ತಿ ಸೊಪ್ಪು, ಹೊಂಗೆ ಸೊಪ್ಪು ಬಂತು. ಎತ್ತಿನ ಕಾಲು ಒಂದೇ ರಾತ್ರಿಗೆ ವಾಸಿಯಾಗಿತ್ತು, ಪುಣ್ಯಾತ್ಮ!

ಆದರೆ ಯಾರೂ ಎಣಿಸದ್ದು ಒಂದು ಆಯಿತು. ಗುಡ್ಲಿನೊಳಗೆ ಹೋದ ಸಂಜೀವಿ ಸುಮ್ಮನಾದಳು. ಮೈಲಿಗೆ ಎಂದು ಯಾರೂ ಅವಳನ್ನು ಮುಟ್ಟುವಂತಿರಲಿಲ್ಲ. ಕೆನ್ನೆ ಹಿಂಡುವವರಿಲ್ಲ, ಜಡೆ ಎಳೆಯುವವರಿಲ್ಲ. ಊಟದ ತಟ್ಟೆಯನ್ನು ದೂರದಿಂದ ತಳ್ಳುತ್ತಿದ್ದರು, ತಾನೇ ಉಣ್ಣುತ್ತಿದ್ದಳು. ಸೊಪ್ಪಿನ ಸಂದಿಯಿಂದ ಬಿಸಿಲು ಬಿದ್ದ ಕಡೆಯೆಲ್ಲ ಹುಣಸೆ ಬೀಜ ಇಡುತ್ತಾ, ತನ್ನಷ್ಟಕ್ಕೆ ನಗುತ್ತಿದ್ದಳು. ದೊಡ್ಡಮ್ಮ ಹಾಲಿನ ಕೆಲಸ ಮುಗಿಸಿ ಜಗಲಿಯ ಮೇಲೆ ಕೂತು ಅದನ್ನೇ ನೋಡುತ್ತಿದ್ದಳು.

"ನನ್ ಮಗಳು ನೆಮ್ಮದಿಯಾಗಿರೋದನ್ನ ಇವತ್ತೇ ಕಣೇ ನಾನು ನೋಡಿದ್ದು," ಎಂದು ಅಮ್ಮನಿಗೆ ಹೇಳಿದಳು.

ಆರತಿಯ ದಿನ ಎಲ್ಲ ಹಾಳಾಯಿತು. ಅರಿಸಿನ ಹಚ್ಚಲು ನಾಲ್ಕಾರು ಹೆಂಗಸರು ಒಟ್ಟಿಗೆ ಮೈಗೆ ಕೈ ಹಾಕಿದರು, ಬಳೆಗಾರ ಮುಂಗೈ ಒತ್ತಿ ಹಿಡಿದ. ಸಂಜೀವಿ ಒಬ್ಬಳ ಕೈ ಕಚ್ಚಿದಳು, ಆರತಿ ತಟ್ಟೆ ನೆಲಕ್ಕೆ ಬಿತ್ತು. ಅತ್ತ ಮಾವ ಶಾಸ್ತ್ರದಂತೆ ಗುಡ್ಲು ಕಿತ್ತು ಸುಡಲು ಹಿತ್ತಿಲಲ್ಲಿ ಗುಡ್ಡೆ ಹಾಕುತ್ತಿದ್ದ. ದೊಡ್ಡಮ್ಮ ಓಡಿಹೋಗಿ ಅವನ ಕೈ ಹಿಡಿದುಕೊಂಡಳು.

"ಸುಡಬೇಡ ಕಣೋ. ಇನ್ನೆರಡು ದಿನ ಅವಳು ಅದ್ರಲ್ಲಿ ಕೂತ್ಕೊಳ್ಲಿ."

"ಉಳಿಸ್ಕೊಂಡ್ರೆ ನನ್ ಮನೆಗೆ ಕೇಡು ಕಣಕ್ಕ. ಬಿಡು ಕೈಯ."

ಹಸಿ ಸೊಪ್ಪು ಹೊತ್ತಿಕೊಳ್ಳಲಿಲ್ಲ. ಸೀಮೆಎಣ್ಣೆ ಸುರಿದು ಹಚ್ಚಿದ. ಸಂಜೀವಿ ಹೆಂಗಸರ ಕೈಯಿಂದ ಬಿಡಿಸಿಕೊಂಡು ಬಂದವಳೇ ಬೆಂಕಿಗೆ ಕೈ ಹಾಕಿದಳು. ಅವಳ ಬೀಜಗಳು ಸೊಪ್ಪಿನಡಿ ಸೇರಿದ್ದವು. ದೊಡ್ಡಮ್ಮ ಎಳೆದುಕೊಳ್ಳುವಷ್ಟರಲ್ಲಿ ಎರಡೂ ಅಂಗೈ ಬೆಂದಿದ್ದವು. ಮಾವ ಬೇಗ ಎಚ್ಚೆತ್ತು ಕೊಟ್ಟ ಮಾತಿನಿಂದ ಬಿಡಿಸಿಕೊಂಡದ್ದು ಒಳ್ಳೆಯದಾಯಿತು ಎಂದು ಬಂದವರು ಪಿಸುಗುಟ್ಟಿಕೊಂಡರು. ಹೋಳಿಗೆಯನ್ನು ಮಾತ್ರ ಒಬ್ಬರೂ ಬಿಡಲಿಲ್ಲ.

ಆಮೇಲೆ ಪ್ರತಿ ತಿಂಗಳು ದೊಡ್ಡಮ್ಮ ತಾನೇ ಸೊಪ್ಪು ಕಡಿದು ಹಿತ್ತಿಲಲ್ಲಿ ಮಗಳಿಗೆ ಗುಡ್ಲು ಹಾಕಿದಳು. ಹೆತ್ತವಳೇ ಗುಡ್ಲು ಹಾಕುವುದೆಂದರೆ ತವರಿನ ನಾಶ ಬಯಸಿದಂತೆ ಎಂದು ನೆಂಟರು ಆ ಮನೆಯಲ್ಲಿ ನೀರು ಕುಡಿಯುವುದನ್ನೂ ಬಿಟ್ಟರು. ದೊಡ್ಡಮ್ಮ ಸೊಪ್ಪು ಕಡಿಯುವುದನ್ನು ಬಿಡಲಿಲ್ಲ.

ನನ್ನ ಸರದಿ ಬಂದಾಗ ಅದೇ ಮಾವ ಹೊತ್ತು ಮುಳುಗುವ ಮೊದಲೇ ಸೊಪ್ಪಿನ ಗಾಡಿ ಹೊಡೆದುಕೊಂಡು ಬಂದ, ರೇಷ್ಮೆ ಸೀರೆಯನ್ನೂ ತಂದ. ಕೆಲವು ವರ್ಷಕ್ಕೆ ತನ್ನ ಮಗನಿಗೆ ನನ್ನನ್ನೇ ಗೊತ್ತು ಮಾಡಿದ. ನನ್ನನ್ನು ಯಾರು ಕೇಳಿದರು?

ಆ ಮದುವೆಗೆ ಕರೆಯಲು ಅವನು ಬಂದ ದಿನ ನಾನು ದೊಡ್ಡಮ್ಮನ ಒಲೆಯ ಮುಂದೆ ಹಾಲು ಕಾಯಿಸುತ್ತಿದ್ದೆ. ನೀನು ಬರಲೇಬೇಕು, ಸಂಜೀವಿಯನ್ನು ಮಾತ್ರ ಮನೆಯಲ್ಲಿ ಬಿಟ್ಟು ಬಾ ಎಂದು ಅಂಗಳದಿಂದಲೇ ಹೇಳುತ್ತಾ ಮೆಟ್ಟಿಲು ಹತ್ತಿದ. ದೊಡ್ಡಮ್ಮ ಬಾಗಿಲಿಗೆ ಎರಡೂ ಕೈ ಅಡ್ಡ ಇಟ್ಟಳು. ಅವನು ನಕ್ಕ.

"ಏನಕ್ಕ, ಈ ವಯಸ್ನಲ್ಲೂ ಬಾಗ್ಲು ತಡೀತೀಯ? ಏನ್ ಬೇಕು, ಕೇಳು."

"ಅವತ್ತು ಕೇಳೋದಿತ್ತು, ಕೇಳಿ ದಾರಿ ಬಿಟ್ಟೆ. ಇವತ್ತು ಕೇಳೋದು ಏನೂ ಇಲ್ಲ. ಹೋಗು."

ವೀಳ್ಯದೆಲೆ, ಕುಂಕುಮ ಜಗಲಿಯ ಮೇಲಿಟ್ಟು ಹೋದ. ದೊಡ್ಡಮ್ಮ ಮದುವೆಗೆ ಬರಲಿಲ್ಲ.

ಸುಂಕದಕಟ್ಟೆಯ ಮನೆಗೆ ಹೊಸ ಸೊಸೆಯಾಗಿ ಹೋದಾಗ ನಾದಿನಿ ನಗುತ್ತಾ ಬಾಗಿಲು ತಡೆದು, ಮಗಳು ಹುಟ್ಟಿದರೆ ನನ್ನ ಮಗನಿಗೆ ಕೊಡ್ತೀರಾ ಎಂದು ಕೇಳಿದಳು. ನನ್ನ ಗಂಡ ಕೊಡ್ತೀವಿ ಎಂದ. ನೀನೂ ಹೇಳಮ್ಮ ಎಂದು ಮಾವ ಹಿಂದಿನಿಂದ ಒತ್ತಾಯ ಮಾಡಿದ. ನಾನು ಬಾಯಿ ಬಿಡದೆ ಹೊಸಿಲ ಹೊರಗೇ ನಿಂತಿದ್ದೆ.